ನಂಬರಿಲ್ಲದ ಮೊದಲ ಪಾಠ

ವಸ್ತುಗಳಿಗೆ ಹೆಸರು ಬರೆದು ಅಂಟಿಸುವುದು ನನಗಿರುವ ಚಟ. ಕೆಲವರಿಗೆ ನಶ್ಯ, ಕೆಲವರಿಗೆ ಇಸ್ಪೀಟು, ನನಗೆ ಚೀಟಿ. ಮದುವೆಯಾಗಿ ಬಂದ ಮೊದಲ ತಿಂಗಳಲ್ಲೇ ಅತ್ತೆಯ ಅಡುಗೆಮನೆಯ ಹದಿನಾರು ಡಬ್ಬಗಳಿಗೆ ದುಂಡು ಅಕ್ಷರದಲ್ಲಿ ಸಾಸಿವೆ, ಜೀರಿಗೆ, ಮೆಂತ್ಯ ಎಂದು ಬರೆದು ಅಂಟಿಸಿದೆ. ಅತ್ತೆಗೆ ಓದಲು ಬರುವುದಿಲ್ಲ ಎಂದು ನನಗೆ ಗೊತ್ತಾದದ್ದು ಹದಿನಾರನೆಯ ಡಬ್ಬ ಮುಗಿದ ಮೇಲೆ. ಅವರು ಡಬ್ಬವನ್ನು ಕಿವಿಯ ಹತ್ತಿರ ಒಮ್ಮೆ ಅಲ್ಲಾಡಿಸಿ ಒಳಗೇನಿದೆ ಎಂದು ಹೇಳುವವರು. ಮುಂದಿನ ಸಲ ಊರಿಗೆ ಹೋದಾಗ ‘ಸಾಸಿವೆ’ ಎಂಬ ಡಬ್ಬದಲ್ಲಿ ಜೀರಿಗೆ ಇತ್ತು, ‘ಜೀರಿಗೆ’ಯಲ್ಲಿ ಒಣಮೆಣಸಿನ ಬೀಜ. ಇಡೀ ಮನೆಯಲ್ಲಿ ತಪ್ಪು ಡಬ್ಬಕ್ಕೆ ಕೈ ಹಾಕುತ್ತಿದ್ದವಳು ಅದನ್ನು ಓದಬಲ್ಲ ನಾನೊಬ್ಬಳೇ. ಆಗಲೇ ಬುದ್ಧಿ ಕಲಿಯಬೇಕಿತ್ತು. ಕಲಿತಿದ್ದರೆ ಇದನ್ನೆಲ್ಲ ಬರೆಯುವ ಅಗತ್ಯ ಬೀಳುತ್ತಿರಲಿಲ್ಲ. ಮಿಕ್ಸಿಯ ಸ್ವಿಚ್ ಒತ್ತುವ ಮುನ್ನ ಈಗ ನಾನು ಮೂರು ಸಲ ಕೈ ಹಿಂದಕ್ಕೆ ತೆಗೆದುಕೊಳ್ಳುವ ಸ್ಥಿತಿಯೂ ಬರುತ್ತಿರಲಿಲ್ಲ.

ನಾನು ಓದಿದ್ದು ಗ್ರಂಥಾಲಯ ವಿಜ್ಞಾನ. ಶ್ರೀರಂಗಪಟ್ಟಣದ ಕಾಲೇಜೊಂದರಲ್ಲಿ ಲೈಬ್ರರಿಯನ್ ಕೆಲಸ. ಲೈಬ್ರರಿಯ ಕಿಟಕಿಯಿಂದ ನೋಡಿದರೆ ದೂರದಲ್ಲಿ ಕರಿಘಟ್ಟ ಕಾಣುತ್ತದೆ. ಪುಸ್ತಕ ಕೇಳಿಕೊಂಡು ಬರುವವರು ಅದಕ್ಕಿಂತ ದೂರದಲ್ಲಿದ್ದಾರೆ. ಎಲ್ಲರೂ ಈಗ ಮೊಬೈಲಿನಲ್ಲೇ ಓದುತ್ತಾರೆ, ಅಥವಾ ಓದುತ್ತೇವೆ ಎನ್ನುತ್ತಾರೆ. ಹಾಗಾಗಿ ನನ್ನ ಚಟವೂ ಇ-ಪುಸ್ತಕಗಳ ಕಡೆಗೆ ತಿರುಗಿತು. ಕಾಗದದ ಪುಸ್ತಕಕ್ಕೆ ಕಡೇಪಕ್ಷ ಬೆನ್ನು ಅಂತ ಒಂದಿರುತ್ತದೆ, ಬೆನ್ನಿನ ಮೇಲೆ ಹೆಸರಿರುತ್ತದೆ. ಇ-ಪುಸ್ತಕಕ್ಕೆ ಬೆನ್ನಿಲ್ಲ, ಧೂಳಿಲ್ಲ, ನಾಚಿಕೆಯೂ ಇಲ್ಲ. ನನ್ನ ಗಂಡನ ಟ್ಯಾಬಿನಲ್ಲಿ ಒಂದೇ ಅಡುಗೆ ಪುಸ್ತಕ ಮೂರು ಬೇರೆ ಬೇರೆ ಹೆಸರಿನಲ್ಲಿ ಮೂರು ಕಡೆ ಸಂಸಾರ ಹೂಡಿತ್ತು. ಲೇಖಕರ ಜಾಗದಲ್ಲಿ ‘ಎರಡನೆಯ ಮುದ್ರಣ’ ಎಂದಿತ್ತು, ಶೀರ್ಷಿಕೆಯ ಜಾಗದಲ್ಲಿ ಬರೀ ಅಂಕಿಗಳು. ಗಂಡ ಐದು ಭಾಗಗಳ ಒಂದು ಕಾದಂಬರಿ ಮಾಲೆಯನ್ನು ಟ್ಯಾಬ್ ತೋರಿಸಿದ ಕ್ರಮದಲ್ಲೇ ಓದುತ್ತಾ ಹೋದರು. ಮೊದಲ ವಾರ ನಾಯಕಿ ಮೊಮ್ಮಕ್ಕಳಿಗೆ ಕಥೆ ಹೇಳುತ್ತಿದ್ದಳು, ಎರಡನೆಯ ವಾರ ಹಸೆಮಣೆಯ ಮೇಲಿದ್ದಳು, ಮೂರನೆಯ ವಾರ ತೊಟ್ಟಿಲಲ್ಲಿದ್ದಳು. ಕಥೆ ಅರ್ಥವಾಗುತ್ತಿದೆಯೇ ಎಂದು ಕೇಳಿದರೆ, ಪರವಾಗಿಲ್ಲ, ಹೆಂಗಸು ದಿನದಿನಕ್ಕೂ ಗೆಲುವಾಗುತ್ತಿದ್ದಾಳೆ ಅಂದರು. ನಾನೂ ನಕ್ಕೆ. ಕ್ರಮ ತಪ್ಪಿದರೆ ಯಾರ ಪ್ರಾಣ ಹೋಗುತ್ತದೆ ಎಂದು ಆವತ್ತು ನಾನೇ ಬಾಯಿಬಿಟ್ಟು ಆಡಿದ ಮಾತು ನೆನಪಿದೆ.

ನಕ್ಕರೂ ಬಿಡಲಿಲ್ಲ. ಪುಸ್ತಕ ಜೋಡಿಸುವ ಸಾಫ್ಟ್‌ವೇರ್ ಒಂದನ್ನು ಹಾಕಿಕೊಂಡು ಕುಳಿತೆ. ಅದರಲ್ಲಿ ಪ್ರತಿ ಪುಸ್ತಕಕ್ಕೂ ಶೀರ್ಷಿಕೆಗೆ ಒಂದು ಮನೆ, ಲೇಖಕರಿಗೆ ಒಂದು ಮನೆ, ಯಾವ ಮಾಲೆ ಎಂಬುದಕ್ಕೆ ಒಂದು ಮನೆ, ಮಾಲೆಯಲ್ಲಿ ಎಷ್ಟನೆಯದು ಎಂಬುದಕ್ಕೆ ಕೊನೆಯದೊಂದು ಪುಟ್ಟ ಮನೆ. ಆ ಪುಟ್ಟ ಮನೆಗೆ ಅಂಕಿಗಳಿಗೆ ಮಾತ್ರ ಪ್ರವೇಶ, ಅಕ್ಷರ ಹಾಕಿದರೆ ಕೆಂಪು ಗೆರೆ ಎಳೆದು ಹೊರಗೆ ಕಳಿಸುತ್ತದೆ. ಕೆಲಸ ಮುಗಿದಾಗ ಪುಸ್ತಕಗಳೆಲ್ಲ ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಸಾಲಾಗಿ ನಿಂತವು. ಅದನ್ನು ನೋಡಿ ನನಗೆ ಬಂದ ಸಂತೋಷವನ್ನು ಹೇಳಿಕೊಳ್ಳಲು ಸ್ವಲ್ಪ ಸಂಕೋಚ. ಮನೆಯಲ್ಲಿ ಮಡಿಸದ ಬಟ್ಟೆ ಎರಡು ಕುರ್ಚಿ ತುಂಬ ಬಿದ್ದಿತ್ತು.

ಈ ಸಂತೋಷದ ಸುದ್ದಿ ಹೇಗೋ ನಮ್ಮ ಮಾವನ ಕಿವಿಗೆ ಬಿತ್ತು. ನಮ್ಮೂರು ಇರುವುದು ಪಾಂಡವಪುರದಿಂದ ಕೆ.ಆರ್. ಪೇಟೆಗೆ ಹೋಗುವ ದಿಕ್ಕಿನಲ್ಲಿ. ಮಾವ ಕಾರ್ಖಾನೆಯೊಂದರ ಎಲೆಕ್ಟ್ರಿಕಲ್ ವಿಭಾಗದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಸುತ್ತಮುತ್ತ ಯಾರ ಪಂಪ್‌ಸೆಟ್ ಮುನಿಸಿಕೊಂಡರೂ ಇವರನ್ನೇ ಕರೆಯುತ್ತಿದ್ದರು. ನಿವೃತ್ತಿಯ ಮೇಲೆ ಅವರು ತಮಗೆ ಗೊತ್ತಿದ್ದನ್ನೆಲ್ಲ ಏಳು ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟಿದ್ದರು. ಏಳಕ್ಕೂ ಕಂದು ಕಾಗದದ ರಟ್ಟು, ಏಳರ ಮೇಲೂ ಒಂದೇ ಹೆಸರು: ಪಂಪ್‌ಸೆಟ್ ಪಾಠ. ಎಷ್ಟನೆಯದು ಎಂದು ಎಲ್ಲೂ ಬರೆದಿರಲಿಲ್ಲ. ಹೆತ್ತವರು ಮಕ್ಕಳ ಹಣೆಯ ಮೇಲೆ ನಂಬರು ಬರೆಯುತ್ತಾರೆಯೇ. ಈಗ ಅವರ ಎರಡು ಕಣ್ಣಿಗೂ ಪೊರೆ ಬಂದು, ಒಂದರ ಆಪರೇಷನ್ ಆಗಿ, ನಾಗಮಂಗಲದ ಮಗಳ ಮನೆಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು. ಇನ್ನೊಂದೂ ಮುಗಿದ ಮೇಲೆ ಆ ಪಾಠಗಳನ್ನು ತಿದ್ದಿ ಬರೆಯುವ ಆಸೆ ಅವರಿಗೆ. ಟ್ಯಾಬಿಗೆ ಹಾಕಿಕೊಟ್ಟರೆ ಅಕ್ಷರ ಎಷ್ಟು ಬೇಕೋ ಅಷ್ಟು ದೊಡ್ಡದು ಮಾಡಿಕೊಂಡು ಓದಬಹುದಂತಲ್ಲ ಎಂದು ಮಗಳ ಫೋನಿನಿಂದ ಕೇಳಿದರು. ಜೊತೆಗೆ, ತಾವು ಬರುವವರೆಗೆ ಕಿರಿಯ ಮಗ ಪುಟ್ಟರಾಜುವಿಗೂ ಅದು ಅನುಕೂಲ ಎಂದರು. ಪುಟ್ಟರಾಜು ನನ್ನ ಮೈದುನ, ಹಾಲಿನ ವ್ಯಾನ್ ಓಡಿಸುತ್ತಾನೆ. ಅಪ್ಪ ಇದ್ದಷ್ಟು ದಿನ ಅವನು ಸ್ಟಾರ್ಟರ್ ಡಬ್ಬದ ಹಸಿರು ಗುಂಡಿ ಒತ್ತಿದ್ದು ಬಿಟ್ಟರೆ ಅದರ ಒಳಗೆ ಏನಿದೆ ಎಂದು ನೋಡಿದವನಲ್ಲ.

ನಾನು ಒಂದು ಶನಿವಾರ ಊರಿಗೆ ಹೋಗಿ ರಾಗಿ ಪೆಟ್ಟಿಗೆಯ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತೆ. ಪುಟಪುಟವನ್ನೂ ಫೋಟೋ ತೆಗೆದು ಏಳು ಇ-ಪುಸ್ತಕ ಮಾಡಿದೆ. ಯಾವುದು ಮೊದಲು ಯಾವುದು ಆಮೇಲೆ ಎಂಬ ಪ್ರಶ್ನೆ ಬಂದಾಗ ಸಹಾಯಕ್ಕೆ ಬಂದವರು ಅತ್ತೆ. ಓದಲು ಬಾರದಿದ್ದರೂ ಮಾವ ಬರೆಯುವಾಗ ಪಕ್ಕದಲ್ಲೇ ಕೂತು ಅವರೆಕಾಯಿ ಸುಲಿದವರು. ಇದಕ್ಕೆ ಕಾಫಿ ಚೆಲ್ಲಿತ್ತು, ಇದರ ಮೂಲೆ ಇಲಿ ಕಡಿದಿತ್ತು, ಇದನ್ನು ಬರೆಯುವಾಗ ಹಸು ಕರು ಹಾಕಿತ್ತು ಎಂದು ಒಂದೊಂದರ ಜಾತಕ ಹೇಳುತ್ತಾ ಒಂದೊಂದನ್ನೇ ನನ್ನ ಕೈಗೆ ಕೊಟ್ಟರು. ಕೊಡುವಾಗ ರಾಗಿ ಅಳೆಯುವ ದನಿಯಲ್ಲಿ ಎಣಿಸಿದರು: ಲಾಭ, ಎರಡು, ಮೂರು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಕಡೆ ಕಣದಲ್ಲಿ ಧಾನ್ಯ ಅಳೆಯುವಾಗ ಮೊದಲನೆಯ ಅಳತೆಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಆಮೇಲೆ ಎರಡು, ಮೂರು ಎಂದು ಎಂದಿನ ಲೆಕ್ಕ. ಅತ್ತೆ ಇದನ್ನು ಕಣಕ್ಕೆ ಮಾತ್ರ ಬಿಟ್ಟವರಲ್ಲ. ತೆಂಗಿನಕಾಯಿ, ಬೆರಣಿ, ಮನೆಗೆ ಬಂದ ನೆಂಟರು, ಎಲ್ಲವೂ ಲಾಭದಿಂದಲೇ ಶುರು. ನಾನೂ ಇದೇ ಸೀಮೆಯಲ್ಲಿ ಹುಟ್ಟಿದವಳು, ನನ್ನ ಕಿವಿಗೆ ಅದರಲ್ಲಿ ವಿಶೇಷವೇನೂ ಕೇಳಿಸಲಿಲ್ಲ. ಕಾಫಿ ಚೆಲ್ಲಿದ ಪುಸ್ತಕಕ್ಕೆ ಪುಟ್ಟ ಮನೆಯಲ್ಲಿ ಒಂದು ಎಂದು ಒತ್ತಿದೆ. ಏನು ಒತ್ತಿದೆ ಎಂದು ಅತ್ತೆ ಕೇಳಿದರು. ಒಂದು ಎಂದೆ.

“ಒಂದು ಅಂದ್ಬುಟ್ರೆ ಅಲ್ಲಿಗೇ ನಿಂತೋಯ್ತದೆ ಕಣ್ ಮಗ,” ಅಂದರು. “ನಿಮ್ಮಾವ ಇನ್ನೂ ಬರೀಬೇಕು ಅಂತಾವ್ರೆ. ಲಾಭ ಅಂತ ಮಡಗು.”

ಕಣ್ಣಿನ ಆಪರೇಷನ್ ಆದ ಗಂಡನ ವಿಷಯದಲ್ಲಿ ಒಬ್ಬ ಹೆಂಗಸು ಹೀಗೆ ಹೇಳಿದರೆ ವಾದಿಸಬಾರದು. ಒಂದನ್ನು ಅಳಿಸಿ ಲಾಭ ಎಂದು ಬರೆದೆ. ಯಂತ್ರ ಕೆಂಪು ಗೆರೆ ಎಳೆಯಿತು. ಇನ್ನೊಮ್ಮೆ ಬರೆದೆ, ಇನ್ನೊಮ್ಮೆ ಎಳೆಯಿತು. ಅತ್ತೆಗೂ ಯಂತ್ರಕ್ಕೂ ನಡುವೆ ಸಿಕ್ಕಿಕೊಂಡ ನಾನು ಇಬ್ಬರಿಗೂ ನೋವಾಗದ ದಾರಿ ಹುಡುಕಿದೆ: ಆ ಮನೆಯನ್ನು ಖಾಲಿ ಬಿಟ್ಟೆ. ಮಿಕ್ಕ ಆರಕ್ಕೂ ಎರಡರಿಂದ ಏಳರವರೆಗೆ ನಂಬರು ಹಾಕಿದೆ. ನಂಬರಿಲ್ಲದ್ದೇ ಮೊದಲನೆಯದು ಎಂಬುದು ಯಾರಿಗೆ ಗೊತ್ತಾಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಮ್ಮ ಮನೆಯಲ್ಲಿ ಮೊದಲನೆಯದಕ್ಕೆ ಎಂದೂ ನಂಬರಿದ್ದದ್ದೇ ಇಲ್ಲ. ಆ ಖಾಲಿ ಮನೆಯನ್ನು ನೋಡಿ ನನಗೆ ಒಂದು ಬಗೆಯ ಹೆಮ್ಮೆಯೂ ಆಯಿತು ಎಂದು ಒಪ್ಪಿಕೊಳ್ಳಬೇಕು. ಸಂಪ್ರದಾಯವನ್ನೂ ತಂತ್ರಜ್ಞಾನವನ್ನೂ ಒಟ್ಟಿಗೆ ಉಳಿಸಿದ ಸೊಸೆ ಎಂದು. ಏಳನ್ನೂ ಒಂದು ಟ್ಯಾಬಿಗೆ ಹಾಕಿ ಪುಟ್ಟರಾಜುವಿಗೆ ಕೊಟ್ಟೆ. ಟ್ಯಾಬಿನಲ್ಲಿ ನಂಬರು ಕಾಣುವುದಿಲ್ಲ, ರಟ್ಟುಗಳು ಸಾಲಾಗಿ ಕಾಣುತ್ತವೆ ಅಷ್ಟೆ. ಏಳು ಕಂದು ರಟ್ಟು, ಏಳರ ಮೇಲೂ ಪಂಪ್‌ಸೆಟ್ ಪಾಠ.

ಮಾರನೆಯ ದಿನ ಭಾನುವಾರ. ನಾಲ್ಕು ದಿನದಿಂದ ಮೋಟಾರು ಶುರುವಾಗಿ ಎರಡು ನಿಮಿಷಕ್ಕೆ ನಿಂತುಹೋಗುತ್ತಿತ್ತು, ಹುರುಳಿಕಾಯಿ ಮಡಿಗೆ ನೀರು ಬೇಕಿತ್ತು. ಮೆಕ್ಯಾನಿಕ್ ಕರೆಸೋಣ ಎಂದು ನಾನೇ ಹೇಳಿದೆ. ಪುಟ್ಟರಾಜು ಟ್ಯಾಬ್ ತೋರಿಸಿ, ಅಪ್ಪನೇ ಇಲ್ಲಿರುವಾಗ ಇನ್ನೊಬ್ಬ ಯಾಕೆ ಅಂದ. ನೀವು ಓದುತ್ತಾ ಹೋಗಿ ಅತ್ತಿಗೆ, ನಾನು ಬಿಚ್ಚುತ್ತಾ ಹೋಗುತ್ತೇನೆ ಎಂಬ ಒಪ್ಪಂದದ ಮೇಲೆ ಇಬ್ಬರೂ ಪಂಪ್‌ಹೌಸಿಗೆ ನಡೆದೆವು. ಲೈಬ್ರರಿಯಲ್ಲಿ ಒಬ್ಬರೂ ಪುಸ್ತಕ ಕೇಳದ ನನಗೆ, ನಾನು ಜೋಡಿಸಿದ್ದನ್ನು ಒಬ್ಬ ಮನುಷ್ಯ ಹೊಲದಲ್ಲಿ ನಿಂತು ಉಪಯೋಗಿಸುತ್ತಾನೆ ಎಂದರೆ ಎಷ್ಟು ಹಿಗ್ಗಾಗಿರಬೇಡ.

ನಮ್ಮ ಕಡೆ ಪಂಪ್‌ಸೆಟ್ಟಿನ ಕರೆಂಟು ಪಾಳಿಯ ಮೇಲೆ ಬರುತ್ತದೆ. ಆವತ್ತಿನ ಪಾಳಿ ಮಧ್ಯಾಹ್ನ ಮೂರಕ್ಕೆ, ಈಗಿನ್ನೂ ಹನ್ನೊಂದು. ಕರೆಂಟು ಬಂದದ್ದು ತಿಳಿಯಲಿ ಎಂದು ಮಾವ ಪಂಪ್‌ಹೌಸಿನ ಬಾಗಿಲ ಮೇಲೆ ಹಾಕಿಸಿದ್ದ ಬಲ್ಬು ಆರಿತ್ತು. ಅದನ್ನು ಇಬ್ಬರೂ ನೋಡಿದೆವು. ಪುಟ್ಟರಾಜು ಸ್ಟಾರ್ಟರ್ ಡಬ್ಬದ ಮುಚ್ಚಳ ತೆಗೆದ. ನಾನು ಟ್ಯಾಬಿನ ಮೊಟ್ಟಮೊದಲ ಪುಸ್ತಕ ತೆರೆದು ಓದಲು ಶುರುಮಾಡಿದೆ. ಮೊದಲ ಸಾಲು ಹೀಗಿತ್ತು: ‘ಹಿಂದಿನ ಪಾಠದಲ್ಲಿ ಹೇಳಿದ್ದನ್ನು ಮಾಡಿ ಮುಗಿಸಿದ ಮೇಲೆ ಸ್ಟಾರ್ಟರಿನ ಮುಚ್ಚಳ ತೆಗೆಯಿರಿ.’ ಪುಟ್ಟರಾಜು ತಲೆಯೆತ್ತಿ, ಹಿಂದಿನ ಪಾಠ ಯಾವುದು ಎಂದು ಕೇಳಿದ. ಕೇಳಿದ ಎಂಬುದನ್ನು ನಾನು ಮುಚ್ಚಿಡುವುದಿಲ್ಲ.

“ಇದೇ ಮೊದಲನೇದು ಕಣೋ, ನಾನೇ ಜೋಡ್ಸಿರೋದಲ್ವಾ,” ಎಂದೆ. “ದೊಡ್ಡವರು ಬರೆಯೋವಾಗ ಹಂಗೆಲ್ಲ ಪೀಠಿಕೆ ಹಾಕ್ತಾರೆ.”

ಈ ಎರಡು ವಾಕ್ಯ ನನ್ನ ಬಾಯಿಂದ ಬಂದದ್ದನ್ನು ಆಮೇಲೆ ಎಷ್ಟು ಸಲ ಕೇಳಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ಬಸ್ಸಿನಲ್ಲಿ ಕೂತರೆ ಕೇಳಿಸುತ್ತದೆ, ಚಪಾತಿ ಲಟ್ಟಿಸುವಾಗ ಕೇಳಿಸುತ್ತದೆ. ಅದೂ ಲೈಬ್ರರಿಯನ್ನರಿಗೆ ಮಾತ್ರ ಬರುವ ಆ ಒಂದು ಭರವಸೆಯ ದನಿಯಲ್ಲಿ. ಅವನು ನನ್ನ ಮಾತು ನಂಬಿದ. ಎಡಗೈಯ ಎರಡು ಬೆರಳಿನಲ್ಲಿ ಒಳಗಿನ ಪಟ್ಟಿಯೊಂದನ್ನು ಹಿಡಿದು, ಬಲಗೈಯಲ್ಲಿ ಸ್ಕ್ರೂಡ್ರೈವರ್ ಹಾಕಿ ಒಂದು ತಿರುಪನ್ನು ಸಡಿಲಿಸಿದ. ಕರೆಂಟು ಹಾಯುವ, ಕರಿ ಹಿಡಿದ ಪಾಯಿಂಟುಗಳನ್ನು ಉಪ್ಪುಕಾಗದದಲ್ಲಿ ಉಜ್ಜಬೇಕು ಎಂದು ನಾನು ಓದಿದೆ. ನೆಲ ಒದ್ದೆಯಿತ್ತು. ಅವನ ಚಪ್ಪಲಿ ಬಾಗಿಲ ಹೊರಗಿತ್ತು. ಅಪ್ಪ ಕೂರುವ ಜಾಗಕ್ಕೆ ಚಪ್ಪಲಿ ಹಾಕಿಕೊಂಡು ಹೋಗುವ ಪದ್ಧತಿ ನಮ್ಮ ಮನೆಯಲ್ಲಿಲ್ಲ.

ಆಗ ಬದುವಿನ ಮೇಲೆ ಅತ್ತೆ ಮಜ್ಜಿಗೆಯ ಚೊಂಬು ಹಿಡಿದುಕೊಂಡು ಬಂದರು. ಬಂದವರು ಮಜ್ಜಿಗೆ ಕೊಡಲಿಲ್ಲ. ಸೊಂಟದ ಎಲೆಅಡಿಕೆ ಚೀಲದ ಬಾಯಿ ಬಿಚ್ಚಿ, ಕೈ ಚಾಚಿ ನಿಂತರು.

“ಕೊಡ್ಲಾ ಫ್ಯೂಸ ಇತ್ತಗೆ.”

“ಯಾವ್ ಫ್ಯೂಸವ್ವ?”

“ನಿಮ್ಮಪ್ಪ ಡಬ್ಬ ಬಿಚ್ಚೋವಾಗೆಲ್ಲ ಕಿತ್ತು ನನ್ ಕೈಗೆ ಕೊಡೋದಲ್ವೇನ್ಲಾ, ಮೂರೂ. ಎಲ್ಲಿ ಮಡಗಿದ್ದೀಯ?”

ಪುಟ್ಟರಾಜು ನಕ್ಕ. ಕೈ ಎರಡನ್ನೂ ಹೊರಗೆ ತೆಗೆದು, ಅವ್ವನ ಕಡೆಗೆ ತಿರುಗಿ, ಸ್ಕ್ರೂಡ್ರೈವರಿನಿಂದ ನನ್ನ ಕೈಯ ಟ್ಯಾಬ್ ತೋರಿಸಿ, ಬುಕ್ಕಿನಲ್ಲಿ ಅಂಥಾದ್ದೇನೂ ಇಲ್ಲ ಕಣವ್ವ ಎಂದ. ಇಲ್ಲ ಕಣವ್ವ ಎಂಬ ಮಾತು ಮುಗಿದಿತ್ತೋ ಇಲ್ಲವೋ, ಬಾಗಿಲ ಮೇಲಿನ ಬಲ್ಬು ಹತ್ತಿತು.

ನಮ್ಮ ಡಬ್ಬದಲ್ಲಿ ಸದ್ದೇನೂ ಆಗಲಿಲ್ಲ. ಆಚೆ ಹೊಲದ ಮೋಟಾರು ತಾನಾಗಿಯೇ ಶುರುವಾಗಿ, ಅವರ ತೊಟ್ಟಿಗೆ ನೀರು ಬೀಳುವುದು ಕೇಳಿಸಿತು. ಪಾಳಿಗಿಂತ ಮುಂಚೆ ಕರೆಂಟು ಬಂದರೆ ನಾವು ಸಂತೋಷಪಡುವ ಜನ, ಅದನ್ನು ದೂರುವಂತಿಲ್ಲ. ಬಿಚ್ಚಿದ ಡಬ್ಬ ಮೊದಲು ಹೇಗಿತ್ತೋ ಹಾಗೇ ಕಾಣುತ್ತಿತ್ತು. ನನ್ನನ್ನು ಇವತ್ತಿಗೂ ಹೆದರಿಸುವುದು ಅದು. ಒಂದು ಕಿಡಿಯಾದರೂ ಹಾರಿದ್ದರೆ ಮನಸ್ಸಿಗೆ ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು. ಪುಟ್ಟರಾಜು ಬಲ್ಬನ್ನು ನೋಡಿದ, ತನ್ನ ಎಡಗೈಯ ಎರಡು ಬೆರಳನ್ನು ನೋಡಿದ, ಹಾಗೇ ಹಿಂದೆ ಸರಿದು ಬದುವಿನ ಮೇಲೆ ಕೂತ. ಅತ್ತೆ ಅವನ ಕೈಗೆ ಚೊಂಬು ಕೊಟ್ಟು, ಕುಡಿ ಎಂದರು. ಅವನು ಕುಡಿಯುವಾಗ ಅರ್ಧ ಮಜ್ಜಿಗೆ ಅಂಗಿಯ ಮೇಲೆ ಚೆಲ್ಲಿತು. ನಾನು ಟ್ಯಾಬನ್ನು ಎದೆಗೆ ಅವುಚಿಕೊಂಡು, ಮುಂದಿನ ಸಾಲು ಓದಲು ಸಿದ್ಧಳಾಗಿ ನಿಂತಿದ್ದೆ.

ಮನೆಗೆ ಬಂದು ಟ್ಯಾಬಿನಲ್ಲಿ ಒಂದೊಂದೇ ರಟ್ಟು ಸರಿಸಿದೆ. ಏಳನೆಯ ಪಾಠವೂ ಆದ ಮೇಲೆ, ಸಾಲಿನ ಕಟ್ಟಕಡೆಯಲ್ಲಿ, ತಡವಾಗಿ ಬಂದ ವಿದ್ಯಾರ್ಥಿಯ ಹಾಗೆ ಕಾಫಿ ಕಲೆಯ ರಟ್ಟು ನಿಂತಿತ್ತು. ನಂಬರಿಲ್ಲದವರನ್ನು ಯಂತ್ರ ಕೊನೆಗೆ ಕಳಿಸುತ್ತದೆ. ಆ ಸಾಫ್ಟ್‌ವೇರ್ ಹಾಕಿಕೊಂಡ ದಿನ ನಾನೇ ಓದಿದ್ದ ನಿಯಮ ಅದು. ಖಾಲಿ ಬಿಡುವುದೂ ಒಂದು ನಮೂದೇ. ತೆರೆದೆ. ಮಾವನ ಅಕ್ಷರ ಅಲ್ಲಿ ಮಿಕ್ಕ ಕಡೆಗಿಂತ ದೊಡ್ಡದಾಗಿತ್ತು: ‘ಕರೆಂಟು ಇಲ್ಲ ಎಂಬುದು ಬರೀ ಸುದ್ದಿ. ಮೂರು ಫ್ಯೂಸನ್ನೂ ಕಿತ್ತು ಮನೆಯವರ ಕೈಗೆ ಕೊಟ್ಟ ಮೇಲೆ ಮಾತ್ರ ಅದು ನಿಜ. ಕೊಡುವ ತನಕ ಮುಂದಿನ ಪಾಠ ತೆರೆಯಬೇಡಿ.’ ಒಂದು ಅಕ್ಷರ ಓದಲು ಬಾರದ ಅತ್ತೆಗೆ ಈ ಪುಸ್ತಕ ಬಾಯಿಪಾಠವಾಗಿತ್ತು, ಚೀಲದ ಬಾಯಿ ಬಿಚ್ಚುವವರೆಗೆ. ಪುಟಪುಟದ ಫೋಟೋ ತೆಗೆದ ನಾನು ಅದರಲ್ಲಿ ನೋಡಿದ್ದು ಮೂಲೆ ನೆಟ್ಟಗೆ ಬಂದಿದೆಯೇ ಎಂಬುದನ್ನು ಮಾತ್ರ.

ಶ್ರೀರಂಗಪಟ್ಟಣಕ್ಕೆ ವಾಪಸು ಬಂದ ಮೇಲೆ ನನ್ನ ಗಂಡ ಎಲ್ಲ ಕೇಳಿ, ಏನೂ ಆಗಲಿಲ್ಲವಲ್ಲ ಬಿಡು ಅಂದರು. ಏನೂ ಆಗದೇ ಇದ್ದದ್ದು ನನಗೆ ದಿನಕ್ಕೆ ನಾಲ್ಕು ಸಲ ಆಗುತ್ತದೆ ಎಂದು ಅವರಿಗೆ ಹೇಗೆ ವಿವರಿಸಲಿ. ಅತ್ತೆ ಬದುವಿನ ಮೇಲೆ ಯಾರನ್ನಾದರೂ ಮಾತಾಡಿಸುತ್ತಾ ನಿಂತಿದ್ದರೆ. ಮೊದಲು ಮಜ್ಜಿಗೆ ಕೊಟ್ಟು ಆಮೇಲೆ ಫ್ಯೂಸು ಕೇಳಿದ್ದರೆ. ಮಗ ಅವ್ವನ ಮಾತಿಗೆ ತಿರುಗದೆ, ಬೆನ್ನು ಹಾಕಿಕೊಂಡೇ ಉತ್ತರ ಕೊಡುವವನಾಗಿದ್ದರೆ. ಹೀಗೆ ಒಂದೊಂದೇ ಜಾಗ ಬದಲಿಸಿ ನೋಡುತ್ತೇನೆ. ಯಾವ ಕ್ರಮದಲ್ಲಿ ಜೋಡಿಸಿದರೂ ಆ ಬಲ್ಬು ಬೇಗ ಹತ್ತುತ್ತದೆ. ಈ ಜೋಡಣೆಗೆ ಯಾವ ಸಾಫ್ಟ್‌ವೇರೂ ಇಲ್ಲ.

ಪುಟ್ಟರಾಜು ಅಪ್ಪನಿಗೆ ಹೇಳಬೇಡಿ ಎಂದಿದ್ದ. ತಡೆಯಲಾರದೆ ಮುಂದಿನ ವಾರ ನಾನೊಬ್ಬಳೇ ನಾಗಮಂಗಲಕ್ಕೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ತಪ್ಪೊಪ್ಪಿಗೆಯ ಭಾಷಣ ತಯಾರು ಮಾಡಿದೆ. ಅದಕ್ಕೂ ಪೀಠಿಕೆ, ಭಾಗ, ಉಪಸಂಹಾರ ಎಲ್ಲ ಇತ್ತು. ಮಾವ ಕಪ್ಪು ಕನ್ನಡಕದಲ್ಲಿ ಗೋಡೆಗೆ ಒರಗಿ ಕೂತು ಕೇಳಿಸಿಕೊಂಡರು. ನಾನು ಪೀಠಿಕೆಯಲ್ಲಿದ್ದಾಗಲೇ, ಕರೆಂಟು ಬಂದಾಗ ಮುಟ್ಟಿದ್ದನೇ ಎಂದು ಕೇಳಿದರು. ಇಲ್ಲ ಮಾವ ಎಂದೆ. ಅವರು ಕನ್ನಡಕದ ಕೆಳಗೆ ಒರೆಸಿಕೊಂಡದ್ದು ಆಪರೇಷನ್ನಿನ ನೀರೋ ಏನೋ, ನಾನು ಕೇಳಲಿಲ್ಲ.

“ತಪ್ಪು ನಂದು ಕಣವ್ವ,” ಅಂದರು ಕೊನೆಗೆ. “ಜೀವ ಉಳ್ಸೋ ಮಾತ್ನ ಒಂದೇ ಕಡೆ ಬರ್ದೆ. ಜನ ಮೊದ್ಲಿಂದ್ಲೇ ಓದ್ತಾರೆ ಅಂತ ಯಾವನಂದ? ಎಲ್ಲಿ ಬಿಚ್ಚಿದ್ರೂ ಅದೇ ಸಿಗಂಗೆ ಮಾಡು.”

ಇದು ನಾನು ಕಲಿತ ಶಾಸ್ತ್ರಕ್ಕೆ ವಿರುದ್ಧ. ಒಂದೇ ಪುಟ ಎರಡು ಕಡೆ ಕಂಡರೆ ಒಂದನ್ನು ಅಳಿಸುವುದೇ ನನ್ನ ಸಂಬಳದ ಕೆಲಸ. ಆದರೂ ಆ ಒಂದು ಪುಟವನ್ನು ಮಿಕ್ಕ ಆರೂ ಪಾಠಗಳ ತಲೆಗೆ ಆರು ಸಲ ಅಂಟಿಸಿದೆ. ಆಮೇಲೆ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಖಾಲಿ ಮನೆಯನ್ನು ತುಂಬಿದೆ. ಬಾಯಲ್ಲಿ ಲಾಭ ಎಂದೆ, ಬೆರಳಲ್ಲಿ ಒಂದು ಒತ್ತಿದೆ. ಅತ್ತೆಗೂ ಸಮಾಧಾನವಾಯಿತು, ಯಂತ್ರವೂ ಕೆಂಪಾಗಲಿಲ್ಲ. ಇಷ್ಟು ಸುಲಭದ ಉಪಾಯ ಮೊದಲೇ ಹೊಳೆಯದೆ ಇದ್ದದ್ದಕ್ಕೆ ನನ್ನ ಬಳಿ ಒಂದು ಸ್ನಾತಕೋತ್ತರ ಪದವಿಯ ಹೊರತು ಬೇರೆ ಕಾರಣವಿಲ್ಲ.

ಮೊನ್ನೆ ಊರಿಗೆ ಹೋದಾಗ ಮೆಕ್ಯಾನಿಕ್ ಬಂದು ಸ್ಟಾರ್ಟರ್ ಸರಿಮಾಡುತ್ತಿದ್ದ. ಪುಟ್ಟರಾಜು ಹತ್ತಡಿ ದೂರದಲ್ಲಿ, ಚಪ್ಪಲಿ ಹಾಕಿಕೊಂಡು, ಎರಡು ಕೈಯನ್ನೂ ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ. ನನ್ನ ಚಟ ಎಲ್ಲಿ ಹೋಗುತ್ತದೆ. ದಪ್ಪ ರಟ್ಟಿನ ಮೇಲೆ ದುಂಡು ಅಕ್ಷರದಲ್ಲಿ ‘ಮೊದಲು ಫ್ಯೂಸ್ ತೆಗೆಯಿರಿ’ ಎಂದು ಬರೆದು ಪಂಪ್‌ಹೌಸಿಗೆ ತೆಗೆದುಕೊಂಡು ಹೋಗಿದ್ದೆ. ಅದೇನು ಬರೆದಿದ್ದೀಯ ಎಂದು ಅತ್ತೆ ಕೇಳಿದರು. ಓದಿ ಹೇಳಿದೆ. ಅವರು ಮೆಕ್ಯಾನಿಕ್ಕನ ಕೈಯಿಂದ ಮೂರು ಫ್ಯೂಸನ್ನೂ ಈಸಿಕೊಂಡು, ಲಾಭ, ಎರಡು, ಮೂರು ಎಂದು ಎಣಿಸಿ ಚೀಲಕ್ಕೆ ಹಾಕಿ, ದಾರ ಎಳೆದರು.

“ಅಂಟ್ಸು ಮಗ, ಇರ್ಲಿ,” ಅಂದರು. “ಓದಿರೋರ್ ಯಾರಾರ ಬಂದ್ರೆ ಬೇಕಾಯ್ತದೆ.”

ನಾಲ್ಕು ಮೂಲೆಗೂ ಗೋಂದು ಹಚ್ಚಿ, ಅಂಗೈಯಲ್ಲಿ ಬಲವಾಗಿ ಒತ್ತಿ ಅಂಟಿಸಿದೆ. ಓದಿದವರು ಎಂದಾದರೂ ಬಂದಾರು ಎಂದಲ್ಲ. ಒಬ್ಬಳು ಆಗಲೇ ಬಂದು, ಗೋಂದಿನ ಬಾಟಲಿ ಹಿಡಿದುಕೊಂಡು, ಅಲ್ಲೇ ನಿಂತಿದ್ದಳಲ್ಲ.